ಬಿಳಿ ರಂಜಕ ನಿಷೇಧಿತ ಅಸ್ತ್ರವೇ?

ಪ್ರಶ್ನೆ: ಯುದ್ಧದ ಸುದ್ದಿಗಳಲ್ಲಿ ಬಿಳಿ ರಂಜಕವನ್ನು (ವೈಟ್ ಫಾಸ್ಫರಸ್) ಬಳಸಿದ ಆರೋಪ ಮತ್ತೆ ಮತ್ತೆ ಕೇಳಿಬರುತ್ತದೆ. ಬೆಂಕಿ ಹಚ್ಚುವ ಅಸ್ತ್ರಗಳನ್ನು ಅಂತರರಾಷ್ಟ್ರೀಯ ಕಾನೂನು ನಿಷೇಧಿಸಿದೆಯೆಂದು ಓದಿದ್ದೇನೆ. ಹಾಗಿದ್ದೂ ಬಳಸಿದವರಿಗೆ ಶಿಕ್ಷೆ ಏಕಾಗುವುದಿಲ್ಲ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾವು ಓದಿದ್ದು ಅರ್ಧ ಮಾತ್ರ ಸರಿ. 1980ರಲ್ಲಿ ಜಿನೀವಾದಲ್ಲಿ ರೂಪುಗೊಂಡು 1983ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ, ಸಾಂಪ್ರದಾಯಿಕ ಅಸ್ತ್ರಗಳ ಒಪ್ಪಂದದ ಮೂರನೆಯ ಪ್ರೋಟೊಕಾಲ್ (ಪೂರಕ ಒಪ್ಪಂದ) ಬೆಂಕಿ ಹಚ್ಚುವ ಅಸ್ತ್ರಗಳನ್ನು ಇಡಿಯಾಗಿ ನಿಷೇಧಿಸಿಲ್ಲ, ಅವುಗಳ ಬಳಕೆಗೆ ಮಿತಿಯನ್ನಷ್ಟೇ ಹಾಕಿದೆ. ಅದನ್ನು ಬರೆದವರ ಕಣ್ಣೆದುರು ಮುಖ್ಯವಾಗಿ ಇದ್ದದ್ದು ನೇಪಾಮ್. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ, ಪೆಟ್ರೋಲನ್ನು ಅಂಟಿನಂತೆ ಗಟ್ಟಿಯಾಗಿಸುವ ಈ ಮಿಶ್ರಣವನ್ನು ತುಂಬಿದ ಬಾಂಬುಗಳು 1945ರ ಮಾರ್ಚ್ 9–10ರ ಒಂದೇ ರಾತ್ರಿಯಲ್ಲಿ ಟೋಕಿಯೊದ ಮರದ ಮನೆಗಳ ಬಡಾವಣೆಗಳನ್ನು ಸುಟ್ಟುಹಾಕಿದವು. ಸತ್ತವರು ಸುಮಾರು ಒಂದು ಲಕ್ಷವೆಂಬುದು ಸಾಮಾನ್ಯ ಅಂದಾಜು. ಮುಂದೆ ವಿಯೆಟ್ನಾಂನಲ್ಲಿ ಮೈ ಸುಟ್ಟುಕೊಂಡ ಮಕ್ಕಳ ಚಿತ್ರಗಳನ್ನು ಜಗತ್ತು ಕಂಡ ಮೇಲೆ ಕಾನೂನಿನ ಬೇಡಿಕೆ ಬಲಗೊಂಡಿತು.

ಪ್ರೋಟೊಕಾಲ್‌ನ ಪ್ರಕಾರ ನಾಗರಿಕರ ಮೇಲೆ ಈ ಅಸ್ತ್ರಗಳನ್ನು ಪ್ರಯೋಗಿಸುವಂತಿಲ್ಲ. ಜನವಸತಿಯ ನಡುವಿನ ಸೇನಾ ನೆಲೆಯ ಮೇಲೆ ಕೂಡ ವಿಮಾನದಿಂದ ಇವನ್ನು ಹಾಕುವಂತಿಲ್ಲ. ಆದರೆ ಅದೇ ಬೆಂಕಿಯನ್ನು ನೆಲದ ಮೇಲಿನ ಫಿರಂಗಿಯಿಂದ ಹಾರಿಸುವುದಾದರೆ, ಗುರಿಯು ಜನರಿಂದ ಸ್ಪಷ್ಟವಾಗಿ ಬೇರ್ಪಟ್ಟಿದ್ದು ಸಾಧ್ಯವಿರುವ ಎಲ್ಲ ಮುನ್ನೆಚ್ಚರಿಕೆಗಳನ್ನು ವಹಿಸಿದ್ದರೆ ಸಾಕು. ಬೆಂಕಿ ಯಾವ ದಾರಿಯಿಂದ ಬಂದರೂ ಮೈ ಸುಡುವುದು ಒಂದೇ ಬಗೆಯಲ್ಲಿ. ಈ ಭೇದಕ್ಕೆ ಯಾವ ನೈತಿಕ ಆಧಾರವೂ ನನಗೆ ಕಾಣುವುದಿಲ್ಲ.

ಬಿಳಿ ರಂಜಕದ ತೊಡಕು ಇನ್ನೂ ದೊಡ್ಡದು. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿ ತಾಗಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಮಾಂಸದೊಳಗೆ ಉಳಿದ ಚೂರು ಬ್ಯಾಂಡೇಜ್ ಬಿಚ್ಚಿದಾಗ ಮತ್ತೆ ಉರಿಯಬಲ್ಲದು. ಆದರೂ ಬೆಂಕಿ ಹಚ್ಚುವುದಕ್ಕಾಗಿಯೇ ‘ಮುಖ್ಯವಾಗಿ ವಿನ್ಯಾಸಗೊಂಡ’ ಅಸ್ತ್ರಗಳಿಗೆ ಮಾತ್ರ ಪ್ರೋಟೊಕಾಲ್ ಅನ್ವಯಿಸುತ್ತದೆ. ಹೊಗೆ ಎಬ್ಬಿಸುವ, ಬೆಳಕು ಚೆಲ್ಲುವ ಶೆಲ್‌ಗಳನ್ನು ಅದು ಹೊರಗಿಟ್ಟಿದೆ. 155 ಮಿಲಿಮೀಟರ್ ಫಿರಂಗಿಯ ಇಂಥ ಒಂದು ಶೆಲ್‌ನಲ್ಲಿ ರಂಜಕದಲ್ಲಿ ನೆನೆಸಿದ 116 ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಡುಗಳಿರುತ್ತವೆ. ಆಕಾಶದಲ್ಲಿ ಸಿಡಿದು ವಿಶಾಲ ಪ್ರದೇಶದಲ್ಲಿ ಹರಡುವ ಈ ತುಂಡುಗಳು 2009ರ ಜನವರಿ 17ರಂದು ಗಾಜಾದ ಬೇತ್ ಲಾಹಿಯಾದಲ್ಲಿ ವಿಶ್ವಸಂಸ್ಥೆಯ ಶಾಲೆಯ ಮೇಲೆ ಉರಿಯುತ್ತ ಬಿದ್ದವು. ಊರು ಬಿಟ್ಟು ಬಂದವರು ಅಲ್ಲಿ ಆಶ್ರಯ ಪಡೆದಿದ್ದರು. ಆ ದಾಳಿಯಲ್ಲಿ ಇಬ್ಬರು ಮಕ್ಕಳು ಸತ್ತರು. ಅವು ಹೊಗೆಯ ಪರದೆಗಾಗಿ ಇರುವ, ಕಾನೂನುಬದ್ಧವಾದ ಶೆಲ್‌ಗಳೆಂಬುದು ಇಸ್ರೇಲಿನ ವಾದವಾಗಿತ್ತು.

ಶಿಕ್ಷೆಯ ಪ್ರಶ್ನೆ ಇಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಭಾರತ 1984ರಲ್ಲಿಯೇ ಈ ಪ್ರೋಟೊಕಾಲನ್ನು ಒಪ್ಪಿದೆ. ಇಸ್ರೇಲ್ ಒಪ್ಪಿಲ್ಲ. ಅಮೆರಿಕ 2009ರಲ್ಲಿ ಒಪ್ಪಿತಾದರೂ, ಸಾವುನೋವು ಕಡಿಮೆಯಾಗುವುದೆಂದು ತನಗೆ ತೋರಿದಲ್ಲಿ ಜನವಸತಿಯ ನಡುವಿನ ಸೇನಾ ಗುರಿಗಳ ಮೇಲೆ ಇವನ್ನು ಬಳಸುವ ಹಕ್ಕನ್ನು ಕಾಯ್ದಿರಿಸಿಕೊಂಡಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನವೂ ಈ ಅಸ್ತ್ರಗಳನ್ನು ಹೆಸರಿಸಿಲ್ಲ. ಆದ್ದರಿಂದ ಅಲ್ಲಿ ಆರೋಪ ಹೊರಿಸುವವರು, ಬಳಸಿದ್ದು ರಂಜಕವೆಂದು ತೋರಿಸಿದರೆ ಸಾಲದು. ದಾಳಿಯ ಉದ್ದೇಶಿತ ಗುರಿ ನಾಗರಿಕರೇ ಆಗಿದ್ದರೆಂದೋ, ಅವರಿಗಾಗುವ ಹಾನಿ ವಿಪರೀತವೆಂದು ತಿಳಿದೂ ದಾಳಿ ಮಾಡಲಾಯಿತೆಂದೋ ಸಾಬೀತುಪಡಿಸಬೇಕು.