ಖಳನಿಗೆ ಬೇಕಾದದ್ದೇನು?

ಪ್ರಶ್ನೆ: ಗೆಳೆಯರೆಲ್ಲ ಸೇರಿ ನಮ್ಮ ಕಾಫಿ ತೋಟದಲ್ಲೇ ಒಂದು ಸೂಪರ್‌ಹೀರೋ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಖಳನಿಗೆ ಹೀರೋಗಿಂತ ಹೆಚ್ಚು ಶಕ್ತಿ ಕೊಟ್ಟಿದ್ದೇವೆ, ಭೂಮಿಯನ್ನೇ ನಾಶ ಮಾಡುವವನು. ಆದರೂ ಓದಿದವರೆಲ್ಲ ‘ವಿಲನ್ ಸಪ್ಪೆ’ ಅನ್ನುತ್ತಾರೆ. ಏನು ಮಾಡಲಿ?
– ಓದುಗ, ವಿರಾಜಪೇಟೆ

ಉತ್ತರ: ಭೂಮಿ ನಾಶವಾದರೆ ಅವನಿಗೆ ಸಿಗುವುದೇನು? ಚಿತ್ರಕಥೆಯಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಸಪ್ಪೆತನ ಅಲ್ಲಿಂದಲೇ ಶುರು. ದೊಡ್ಡ ಬಜೆಟ್ಟಿನವರೂ ಇಲ್ಲೇ ಎಡವಿದ್ದಾರೆ. 2013ರ ‘ಥಾರ್: ದ ಡಾರ್ಕ್ ವರ್ಲ್ಡ್’ನ ಮಾಲೆಕಿತ್ ಇಡೀ ವಿಶ್ವಕ್ಕೆ ಕತ್ತಲು ಕವಿಸಲು ಬರುತ್ತಾನೆ, 2017ರ ‘ಜಸ್ಟಿಸ್ ಲೀಗ್’ನ ಸ್ಟೆಪನ್‌ವುಲ್ಫ್ ಮೂರು ಪೆಟ್ಟಿಗೆ ಹುಡುಕಿಕೊಂಡು ಬರುತ್ತಾನೆ. ಅವರು ಗೆದ್ದರೆ ಎಲ್ಲರೂ ಸಾಯುತ್ತಾರೆ, ನಿಜ. ಆದರೆ ‘ಎಲ್ಲರೂ’ ಅಂದಾಗ ನೋಡುವವರ ಕಣ್ಣಿಗೆ ಒಂದು ಮುಖವೂ ಕಟ್ಟುವುದಿಲ್ಲ.

ಹೀರೋನ ಶಕ್ತಿಯನ್ನೇ ಖಳನಿಗೂ ತೊಡಿಸಿಬಿಡುವುದು ಇನ್ನೊಂದು ತೊಡಕು. 2008ರ ‘ಐರನ್ ಮ್ಯಾನ್’ ನನಗೆ ಬಹಳ ಇಷ್ಟದ ಚಿತ್ರ. ಅದರಲ್ಲಿ ಹೀರೋ ಟೋನಿಯ ಹೆಗಲ ಮೇಲೆ ಕೈ ಹಾಕಿ ನಯವಾಗಿ ಮಾತಾಡುವ ಖಳ ಓಬಡಾಯ ಸ್ಟೇನ್‌ಗೆ ಹೆದರಿದಷ್ಟು, ದೊಡ್ಡ ಕವಚದೊಳಗೆ ಹೊಕ್ಕ ಸ್ಟೇನ್‌ಗೆ ನಾನು ಹೆದರಲಿಲ್ಲ. ಅಲ್ಲಿಂದಾಚೆಗೆ ಅದು ಎರಡು ಯಂತ್ರಗಳ ಬಡಿದಾಟ.

ಈಗ 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ನೋಡಿ. ಅದರ ಖಳ ಏಡ್ರಿಯನ್ ಟೂಮ್ಸ್, ಯುದ್ಧದಲ್ಲಿ ಹಾಳಾದ ನಗರದ ಅವಶೇಷ ತೆರವು ಮಾಡುವ ಗುತ್ತಿಗೆದಾರ. ಆ ಕೆಲಸಕ್ಕೆಂದೇ ಲಾರಿ ಕೊಂಡಿದ್ದಾನೆ, ಆಳು ಇಟ್ಟಿದ್ದಾನೆ. ಒಂದು ದಿನ ಸರ್ಕಾರಿ ಇಲಾಖೆಯವರು ಬಂದು ಗುತ್ತಿಗೆ ಕಿತ್ತುಕೊಳ್ಳುತ್ತಾರೆ. ಇಂಥವರು ನಮ್ಮೂರಲ್ಲೂ ಇದ್ದಾರೆ. ಆ ಚಿತ್ರದ ಅತ್ಯಂತ ಭಯದ ದೃಶ್ಯದಲ್ಲಿ ಒಂದೇ ಒಂದು ಏಟು ಬೀಳುವುದಿಲ್ಲ. ಮಗಳನ್ನೂ ಅವಳ ಗೆಳೆಯ ಪೀಟರ್‌ನನ್ನೂ ಟೂಮ್ಸ್ ಕಾರಿನಲ್ಲಿ ಪಾರ್ಟಿಗೆ ಬಿಡಲು ಹೊರಟಿದ್ದಾನೆ. ಮಗಳು ಏನೋ ಹರಟುತ್ತಾಳೆ. ಕನ್ನಡಿಯಲ್ಲಿ ಹಿಂದಿನ ಸೀಟಿನ ಹುಡುಗನನ್ನೇ ನೋಡುತ್ತಿರುವ ಅಪ್ಪನಿಗೆ ಇವನೇ ಸ್ಪೈಡರ್‌ಮ್ಯಾನ್ ಎಂದು ಹೊಳೆಯುತ್ತದೆ. ಅದೇ ಹೊತ್ತಿಗೆ ಸಿಗ್ನಲ್‌ನ ಹಸಿರು ಬೆಳಕು ಟೂಮ್ಸ್ ಪಾತ್ರದ ಮೈಕೆಲ್ ಕೀಟನ್ ಮುಖದ ಮೇಲೆ ಬೀಳುತ್ತದೆ. ಮಗಳು ಇಳಿದು ಹೋದ ಮೇಲೆ ಅವಳ ಜೀವ ಉಳಿಸಿದ್ದಕ್ಕೆ ಹುಡುಗನಿಗೆ ಥ್ಯಾಂಕ್ಸ್ ಹೇಳುತ್ತಾನೆ. ಅಡ್ಡ ಬಂದರೆ ಕೊಲ್ಲುತ್ತೇನೆಂದೂ ಹೇಳುತ್ತಾನೆ. ಎರಡನ್ನೂ ಮನಸಾರೆ ಹೇಳುತ್ತಾನೆ.

ಗಡಿಯಾಚೆಯ ಮಲಯಾಳಂ ಸಿನಿಮಾ ನಿಮ್ಮ ಕಡೆ ಎಲ್ಲರೂ ನೋಡುತ್ತೀರಿ. 2021ರ ‘ಮಿನ್ನಲ್ ಮುರಳಿ’ಯನ್ನು ಇನ್ನೊಮ್ಮೆ ನೋಡಿ. ಒಂದೇ ರಾತ್ರಿ ಹೀರೋಗೂ ಖಳ ಶಿಬುಗೂ ಸಿಡಿಲು ಬಡಿದು ಇಬ್ಬರಿಗೂ ಶಕ್ತಿ ಬರುತ್ತದೆ. ಹಾಗಾದರೆ ಹೀರೋನ ಶಕ್ತಿಯೇ ಖಳನಿಗೂ ಬಂತಲ್ಲ ಅನ್ನಬಹುದು. ಆದರೆ ಶಿಬುಗೆ ಬೇಕಿರುವುದು ಶಾಲೆಯ ದಿನಗಳಿಂದ ಪ್ರೀತಿಸಿದ ಉಷಾ ಒಬ್ಬಳೇ. ಊರವರು ಹುಚ್ಚನೆಂದು ದೂರ ಇಟ್ಟವನು ಅವನು. ಶಿಬು ಪಾತ್ರದ ಗುರು ಸೋಮಸುಂದರಂ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೆ ಬರುವಾಗ ಅವನಿಗೆ ಅವಳು ಸಿಗಲಿ ಅಂತಲೇ ನಮಗೂ ಅನಿಸುತ್ತದೆ.

ನಿಮ್ಮ ತೋಟಕ್ಕೆ ಬರೋಣ. ಕಾರ್ಮಿಕರ ಲೈನ್ ಮನೆಯ ಹುಡುಗನೊಬ್ಬನ ಅಪ್ಪ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆನೆ ತುಳಿದು ಸತ್ತಿದ್ದಾನೆ ಅನ್ನಿ. ಆ ಹುಡುಗನಿಗೆ ಶಕ್ತಿ ಬಂದಿದೆ. ಒಂದು ಆನೆಯನ್ನೂ ಉಳಿಸುವುದಿಲ್ಲ ಎಂದು ಹೊರಟಿದ್ದಾನೆ. ಹೀರೋ ಆನೆಗಳನ್ನು ಕಾಯುವವನು. ನೋಡಲು ಬಂದವರಲ್ಲಿ ಅರ್ಧ ಜನ ಖಳನ ಕಡೆ ವಾಲುತ್ತಾರೆ. ಹೀರೋ ಎಷ್ಟು ಗುದ್ದಿದರೂ ಆ ಹುಡುಗನ ಪ್ರಶ್ನೆ ಮುಗಿಯುವುದಿಲ್ಲ. ಅವನಿಗೆ ಏನು ಹೇಳಬೇಕು ಎಂದು ನೀವೇ ಯೋಚಿಸಬೇಕು. ಚಿತ್ರದ ಕೆಲಸ ಅಲ್ಲೇ ಇರುವುದು.

ಪ್ರಶ್ನೆ: ಮಡಿಕೇರಿ ದಸರೆ ಮೆರವಣಿಗೆಯ ದಶಮಂಟಪಗಳಲ್ಲಿ ಅಸುರ ದೊಡ್ಡದಾದಷ್ಟೂ ಜನ ಸೇರುತ್ತಾರೆ. ಸಿನಿಮಾದಲ್ಲಿ ಗಾತ್ರ ಯಾಕೆ ಸಾಲದು?
– ಓದುಗ, ಮಡಿಕೇರಿ

ಉತ್ತರ: ಮಂಟಪದ ಮುಂದೆ ನಿಂತವರಿಗೆ ಮಹಿಷಾಸುರ ಯಾರೆಂದು ಮೊದಲೇ ಗೊತ್ತು, ಕಥೆ ಮನೆಯಿಂದಲೇ ಬಂದಿರುತ್ತದೆ. ಹಾಗಾಗಿ ಹೊಗೆ, ಬೆಳಕು, ಸದ್ದು, ಗಾತ್ರ ಸಾಕಾಗುತ್ತದೆ. ಸಿನಿಮಾದ ಹೊಸ ಖಳನ ಹಿಂದೆ ಅಂಥ ಕಥೆ ಇರುವುದಿಲ್ಲ, ಎಲ್ಲವನ್ನೂ ಎರಡು ಗಂಟೆಯಲ್ಲಿ ಕಟ್ಟಬೇಕು.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ‘ಬ್ಲ್ಯಾಕ್ ಪ್ಯಾಂಥರ್’ ನೋಡಿ ಕಿಲ್‌ಮಾಂಗರ್ ಮಾಡಿದ್ದೇ ಸರಿ ಅನ್ನುತ್ತಾನೆ. ಖಳರಿಗೆ ಕಣ್ಣೀರಿನ ಕಥೆ ಕೊಟ್ಟು ಮಕ್ಕಳ ದಾರಿ ತಪ್ಪಿಸುತ್ತಿಲ್ಲವೇ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ನಿಮ್ಮ ಮಗ ಅರ್ಧ ಸರಿ. ವಕಾಂಡ ಎಂಬ ಕಲ್ಪನೆಯ ದೇಶದ ರಾಜ, ಹೀರೋನ ಅಪ್ಪ, ತನ್ನ ಸ್ವಂತ ತಮ್ಮನನ್ನು ಕೊಂದು, ಅವನ ಮಗನನ್ನು ಪರದೇಶದಲ್ಲಿ ಬಿಟ್ಟು, ವಿಷಯ ಮುಚ್ಚಿಟ್ಟ. ಆ ಮಗನೇ ಕಿಲ್‌ಮಾಂಗರ್, ಅವನ ಸಿಟ್ಟಿಗೆ ಕಾರಣವಿದೆ. ‘ನೀವು ಮಾಡಿದ್ದು ತಪ್ಪು’ ಎಂದು ಹೀರೋ ಟಿ’ಚಾಲನೇ ಹಿರಿಯರ ಮುಂದೆ ಹೇಳುತ್ತಾನೆ. ಕೊನೆಗೆ ವಕಾಂಡದ ಬಾಗಿಲು ಹೊರಗಿನವರಿಗೆ ತೆರೆಯುತ್ತಾನೆ. ಖಳ ಸತ್ತ ಮೇಲೂ ಅವನ ಮಾತಿಗೆ ಹೀರೋ ಉತ್ತರ ಕೊಡಬೇಕಾಯಿತು, ಅದಕ್ಕೇ ಅವನು ಮನಸ್ಸಿನಲ್ಲಿ ಉಳಿಯುವುದು.

ಕನ್ನಡಕ್ಕೆ ಇದು ಹೊಸತಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಂತು, ಶತ್ರುವಿನ ಮಗನ ಪರಾಕ್ರಮ ಹೊಗಳಿ, ತನಗೂ ಅಂಥ ಸಾವು ಬರಲೆಂದು ಬೇಡುತ್ತಾನೆ. ಓದಿ ಮರುಗಿದವರು ಯಾರೂ ದ್ರೌಪದಿಯ ಸೀರೆ ಎಳೆಸಿದ್ದು ಸರಿ ಅನ್ನಲಿಲ್ಲ.

ಕಣ್ಣೀರಿನ ಕಥೆ ಎಲ್ಲ ಖಳರಿಗೂ ಬೇಕಿಲ್ಲ. 2008ರ ‘ದ ಡಾರ್ಕ್ ನೈಟ್’ನಲ್ಲಿ ಹೀತ್ ಲೆಡ್ಜರ್‌ನ ಜೋಕರ್ ತನ್ನ ಬಾಯಿಯ ಗಾಯಕ್ಕೆ ಒಬ್ಬರ ಹತ್ತಿರ ಒಂದು ಕಾರಣ, ಇನ್ನೊಬ್ಬರ ಹತ್ತಿರ ಇನ್ನೊಂದು ಕಾರಣ ಹೇಳುತ್ತಾನೆ. ಒಳ್ಳೆಯವರನ್ನೂ ತನ್ನಂತೆ ಮಾಡಬಹುದೆಂದು ತೋರಿಸಬೇಕು ಅನ್ನುವ ಹಟ ಮಾತ್ರ ಒಂದೇ.

ಮಗನನ್ನು ಗದರಬೇಡಿ. ಕಿಲ್‌ಮಾಂಗರ್ ತನ್ನ ಜೊತೆಗಾತಿಯನ್ನೇ ಗುಂಡಿಟ್ಟು ಕೊಲ್ಲುತ್ತಾನೆ, ಮುಂದೆ ಯಾರಿಗೂ ಸಿಗಬಾರದೆಂದು ರಾಜರಿಗೆ ಶಕ್ತಿ ಕೊಡುವ ಗಿಡಗಳ ತೋಟ ಸುಡಿಸುತ್ತಾನೆ. ಆ ಎರಡು ದೃಶ್ಯ ಜೊತೆಯಲ್ಲಿ ಕೂತು ಮತ್ತೆ ನೋಡಿ, ಇದೂ ಸರಿಯೇ ಎಂದು ಅವನನ್ನೇ ಕೇಳಿ.