ಸನ್ಯಾಸಿಯ ಚಿತ್ರವಿರುವ ಡಬ್ಬಿಯ ಬಿಳಿ ಚಹಾ

ಪ್ರಶ್ನೆ: ಫ್ರಾನ್ಸಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ ಒಂದು ಡಬ್ಬಿ ಬಿಳಿ ಚಹಾ ತಂದಿದ್ದಾಳೆ. ಮೇಲೆ ನಿಲುವಂಗಿ ತೊಟ್ಟ ಕ್ರೈಸ್ತ ಸನ್ಯಾಸಿಯ ಚಿತ್ರವಿದೆ. ಹಳೆಯ ಮಠಗಳ ಪರಂಪರೆಯಿಂದ ಪ್ರೇರಣೆ ಪಡೆದದ್ದು ಎಂದು ಬರೆದಿದೆಯಂತೆ. ಏಂಜೆಲಿಕಾ ಎಂಬ ಗಿಡಮೂಲಿಕೆ, ಲೆಮನ್ ಬಾಮ್, ಕಿತ್ತಳೆ ಸಿಪ್ಪೆ, ವೆನಿಲಾ ಸೇರಿಸಿದ್ದಾರೆ. ನಾನು ರೂಢಿಯಂತೆ ಚೆನ್ನಾಗಿ ಕುದಿಸಿ ಹಾಲು, ಬೆಲ್ಲ ಹಾಕಿದೆ. ಬೆಲ್ಲ ಬಿಟ್ಟರೆ ಬೇರೆ ರುಚಿಯೇ ಇಲ್ಲ. ಎಲೆಯ ಮೇಲೆ ಬೂಷ್ಟಿನಂತೆ ಬೆಳ್ಳಗೆ ಕಾಣುತ್ತದೆ, ಹಾಳಾಗಿದೆಯೇ? ಮಠಗಳಲ್ಲಿ ನಿಜವಾಗಿ ಇದನ್ನು ಕುಡಿಯುತ್ತಿದ್ದರೇ?
– ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಎಸೆಯಬೇಡಿ, ಮೇಡಂ. ಒಂದು ಎಳೆಯನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆಯುದ್ದಕ್ಕೂ ಒಂದೇ ಸಮನೆ, ಬೆಳ್ಳಿಯ ಹಾಗೆ ಮಿನುಗುವ ಸಣ್ಣ ರೋಮ ಕಂಡರೆ ಅದು ಬೂಷ್ಟಲ್ಲ. ಚಹಾ ಗಿಡದ ಅರಳದ ಮೊಗ್ಗಿನ ಮೇಲೆ ಹುಟ್ಟಿನಿಂದಲೇ ಇರುವ ರೋಮ ಅದು. ಬಿಳಿ ಚಹಾ ಎಂಬ ಹೆಸರು ಬಂದದ್ದೇ ಅದರಿಂದ. ಬೂಷ್ಟಾದರೆ ಅಲ್ಲಲ್ಲಿ ಗುಂಪಾಗಿ ಅಂಟಿರುತ್ತದೆ, ಒದ್ದೆ ಗೋಣಿಚೀಲದ ವಾಸನೆ ಬರುತ್ತದೆ, ಎಳೆ ಮುರಿದರೆ ಬಾಗುತ್ತದೆಯೇ ಹೊರತು ಪಟ್ಟೆಂದು ತುಂಡಾಗುವುದಿಲ್ಲ.

ಇನ್ನು ಮಠದ ವಿಷಯ. ಸನ್ಯಾಸಿಗಳ ಚಹಾ ಎಂದರೆ ಕೊಡಗಿನವರಿಗೆ ಮೊದಲು ಬೈಲುಕುಪ್ಪೆ ನೆನಪಾಗುತ್ತದೆ, ಅಲ್ಲಿಯ ಟಿಬೆಟನ್ ಬೌದ್ಧ ಮಠಗಳ ಉಪ್ಪು-ಬೆಣ್ಣೆಯ ಚಹಾ ನೆನಪಾಗುತ್ತದೆ. ಬೌದ್ಧ ಮಠಕ್ಕೂ ಚಹಾಕ್ಕೂ ಇರುವ ನಂಟು ಬಹಳ ಹಳೆಯದು. ಯುರೋಪಿನ ಕ್ರೈಸ್ತ ಮಠಗಳ ಕತೆ ಬೇರೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಸನ್ಯಾಸಿಗಳಿಗೆ ಬರೆದ ನಿಯಮದಲ್ಲಿ ದಿನಕ್ಕೆ ಎಷ್ಟು ದ್ರಾಕ್ಷಾರಸ ಸಾಕು ಎಂಬ ಲೆಕ್ಕವಿದೆ, ಚಹಾದ ಸುದ್ದಿಯೇ ಇಲ್ಲ. ಅವರಿಗೆ ಆ ಎಲೆಯೇ ಗೊತ್ತಿರಲಿಲ್ಲ. ಯುರೋಪಿಗೆ ಚಹಾ ಸರಕಾಗಿ ಬಂದದ್ದು ಹದಿನೇಳನೇ ಶತಮಾನದಲ್ಲಿ. ಅದಕ್ಕೂ ಮೊದಲು, 1556ರಲ್ಲಿ ಚೀನಾದ ಗುವಾಂಗ್‌ಝೌ ನೋಡಿಬಂದ ಗ್ಯಾಸ್ಪರ್ ಡ ಕ್ರೂಜ್ ಎಂಬ ಪೋರ್ಚುಗೀಸ್ ಡೊಮಿನಿಕನ್ ಸನ್ಯಾಸಿ, ಅಲ್ಲಿ ಮನೆಗೆ ಬಂದವರಿಗೆಲ್ಲ ಪಿಂಗಾಣಿ ಬಟ್ಟಲಲ್ಲಿ ಕೆಂಪಗಿನ, ತುಸು ಕಹಿಯಾದ ಬಿಸಿ ಪಾನೀಯ ಕೊಡುತ್ತಾರೆಂದು ಬರೆದರು. ಅದರ ಹೆಸರು ‘ಚಾ’ ಎಂದೂ ತಿಳಿಸಿದರು. ನಮ್ಮ ಬಾಯಲ್ಲಿ ಇಂದಿಗೂ ಇರುವುದು ಅದೇ ಮಾತು.

ಹಾಗಾದರೆ ಡಬ್ಬಿಯ ಮೇಲಿನದು ಪೂರ್ತಿ ಸುಳ್ಳೇ? ಅಲ್ಲ. ಎಲೆ ಚೀನಾದ್ದು, ಜೊತೆಗಿರುವ ಸೊಪ್ಪು-ಬೇರು ಮಠದ್ದು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಒಂಬತ್ತನೇ ಶತಮಾನದ ಒಂದು ನಕ್ಷೆಯಿದೆ. ಅದರಲ್ಲಿ ವೈದ್ಯರ ಮನೆಯ ಪಕ್ಕದಲ್ಲೇ 16 ಮಡಿಗಳ ಮದ್ದಿನ ತೋಟ, ಒಂದೊಂದು ಮಡಿಗೂ ಗಿಡದ ಹೆಸರು. ಪುದೀನ, ಮೆಂತ್ಯ, ಜೀರಿಗೆ, ಸೋಂಪಿನ ಜಾತಿಯ ಫೆನೆಲ್! ನಮ್ಮ ಅಡುಗೆಮನೆಯ ಡಬ್ಬಿಗಳ ಸಾಲೇ ಅಲ್ಲವೇ? ಮೊದಲ ಸಲ ಆ ಪಟ್ಟಿ ಓದಿದಾಗ ನನಗೆ ಆ ಮಠ ತೀರ ಹತ್ತಿರದ್ದೆನಿಸಿತು. ನಿಮ್ಮ ಡಬ್ಬಿಯಲ್ಲಿರುವ ಲೆಮನ್ ಬಾಮ್ ಪುದೀನದ ಕುಲದ್ದು, ನಿಂಬೆಯ ಪರಿಮಳದ್ದು. ಪ್ಯಾರಿಸಿನ ಕಾರ್ಮೆಲೈಟ್ ಸನ್ಯಾಸಿಗಳು ಹದಿನೇಳನೇ ಶತಮಾನದಲ್ಲಿ ಮದ್ದಿನ ನೀರು ತಯಾರಿಸಿ ಹೆಸರಾದದ್ದು ಇದೇ ಸೊಪ್ಪಿನಿಂದ. ಕಾರ್ತೂಸಿಯನ್ ಸನ್ಯಾಸಿಗಳ ಷಾರ್ಟ್ರೂಸ್ ಮದ್ಯಕ್ಕೆ ಆಧಾರ 1605ರಲ್ಲಿ ಅವರ ಕೈಸೇರಿದ ಒಂದು ಹಸ್ತಪ್ರತಿ. ಅದರಲ್ಲಿ 130 ಗಿಡಮೂಲಿಕೆಗಳಿವೆ ಎನ್ನುತ್ತಾರೆ. ಈ ಪರಿಮಳಗಳನ್ನು ಚಹಾದ ಮೇಲೆ ಕೂರಿಸಿದ್ದು ಮಾತ್ರ ಇಂದಿನ ವ್ಯಾಪಾರಿಗಳು.

ರುಚಿ ಸಿಗದ್ದಕ್ಕೆ ಕಾರಣ ನೀವು ಮಾಡಿದ ರೀತಿ. ಬಿಳಿ ಚಹಾವನ್ನು ಹುರಿಯುವುದಿಲ್ಲ, ಉಜ್ಜುವುದಿಲ್ಲ. ಬಾಡಿಸಿ ಒಣಗಿಸುತ್ತಾರೆ, ಅಷ್ಟೇ. ಹಾಲು ತಡೆಯುವ ಕಸುವು ಅದಕ್ಕಿಲ್ಲ. ಬೆಲ್ಲದ ಕಾಫಿಗೆ ಹೊಂದಿಕೊಂಡ ನಮ್ಮ ನಾಲಿಗೆಗೆ ಮೊದಲ ಗುಟುಕು ಸಪ್ಪೆಯೆನಿಸುವುದೂ ಸಹಜ. ಹೀಗೆ ಮಾಡಿ ನೋಡಿ. ವಿರಾಜಪೇಟೆಯ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇದಕ್ಕೆ ಬೇಕಾದದ್ದು 80ರ ಆಸುಪಾಸು. ಕುದಿದ ನೀರನ್ನು ಒಂದು ಸ್ಟೀಲ್ ಚೊಂಬಿಗೆ ಸುರಿದು, ಹಬೆ ಭರದಿಂದ ಏಳುವುದು ನಿಂತು ನಿಧಾನಕ್ಕೆ ಸುರುಳಿ ಬಿಡುವವರೆಗೆ ಕಾಯಿರಿ. ಒಂದು ಲೋಟಕ್ಕೆ ಎರಡು ಚಮಚ ತುಂಬ ಎಲೆ, ಏಕೆಂದರೆ ಮೊಗ್ಗು ಬಹಳ ಹಗುರ. ಮುಚ್ಚಿ ನಾಲ್ಕೈದು ನಿಮಿಷ ಬಿಟ್ಟು ಸೋಸಿ. ಹಾಲು ಬೇಡ, ಬೆಲ್ಲವೂ ಬೇಡ.

ಆಮೇಲೆ ಅದೇ ಎಲೆಗೆ ಎರಡನೇ ಸಲ ನೀರು ಹಾಕಿ. ನನ್ನ ಮಟ್ಟಿಗೆ ಪರೀಕ್ಷೆ ಇರುವುದು ಅಲ್ಲೇ. ವೆನಿಲಾ, ಕಿತ್ತಳೆಯ ವಾಸನೆ ಇಳಿದ ಮೇಲೂ ಒಣಹುಲ್ಲಿನಂಥ, ಜೇನಿನಂಥ ತೆಳು ಸಿಹಿ ಉಳಿದರೆ ಒಳ್ಳೆಯ ಎಲೆ. ಬರೀ ಬಿಸಿನೀರೆನಿಸಿದರೆ ಪರಿಮಳದ ಮರೆಯಲ್ಲಿ ಕಳಪೆ ಎಲೆ ಮಾರಿದ್ದಾರೆಂದು ತಿಳಿಯಿರಿ.

ಪ್ರಶ್ನೆ: ನಮ್ಮ ತೋಟದ ಕಿತ್ತಳೆ, ಏಲಕ್ಕಿ ಹಾಕಿ ಇಂಥ ಚಹಾ ಮನೆಯಲ್ಲೇ ಮಾಡಬಹುದೇ? ಅತ್ತೆಗೆ ಬಿಪಿ ಇದೆ, ಕೊಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ ಮಾಡಬಹುದು. ನೀಲಗಿರಿಯಲ್ಲೂ ಬಿಳಿ ಚಹಾ ತಯಾರಾಗುತ್ತದೆ, ಪರಿಮಳ ಬೆರೆಸದ್ದನ್ನೇ ತರಿಸಿಕೊಳ್ಳಿ. ಕಿತ್ತಳೆಯ ಸಿಪ್ಪೆಯ ಒಳಗಿನ ಬಿಳಿ ಭಾಗ ಕೆರೆದು ತೆಗೆಯಿರಿ, ಅದು ಕಹಿ. ಸಿಪ್ಪೆ ಬೆರಳಲ್ಲಿ ಮುರಿಯುವಷ್ಟು ಒಣಗಲಿ. 20 ಗ್ರಾಂ ಎಲೆಗೆ ಒಂದು ಹಣ್ಣಿನ ಸಿಪ್ಪೆ, ಎರಡು ಏಲಕ್ಕಿಯ ಬರೀ ಹೊಟ್ಟು ಸಾಕು. ಕಾಳು ಹಾಕಿದರೆ ಅದರ ಘಾಟೇ ಉಳಿದೆಲ್ಲ ಪರಿಮಳವನ್ನು ಮುಚ್ಚಿಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೂರು ದಿನ ಇಟ್ಟು ಸಿಪ್ಪೆ, ಹೊಟ್ಟು ಆರಿಸಿ ತೆಗೆಯಿರಿ. ಚಹಾ ಎಲೆ ಹತ್ತಿರದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಅದರ ಗುಣವೂ ಅದೇ, ಅಪಾಯವೂ ಅದೇ. ಕಾಫಿಪುಡಿ, ಒಣಮೀನು, ಒಲೆಯ ಹೊಗೆ ಯಾವುದರ ಹತ್ತಿರವೂ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯೊಳಗೊಂದು ಡಬ್ಬಿಯಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದುಕೊಳ್ಳಿ.

ಅತ್ತೆಯವರ ವಿಷಯದಲ್ಲಿ ಎರಡು ಮಾತು. ಬಿಳಿ ಚಹಾದಲ್ಲಿ ಕೆಫೀನ್ ಇಲ್ಲವೆಂಬುದು ತಪ್ಪು, ಎಳೆಯ ಮೊಗ್ಗಿನಲ್ಲಿ ಅದು ಸಾಕಷ್ಟಿರುತ್ತದೆ. ಆದ್ದರಿಂದ ಸಂಜೆ ಕೊಡಬೇಡಿ. ಅಂಗಡಿಯ ಮಿಶ್ರಣ ಕೊಳ್ಳುವುದಾದರೆ ಪಟ್ಟಿಯಲ್ಲಿ ಜೇಷ್ಠಮಧು ಇದೆಯೇ ನೋಡಿ. ಅದು ಬಿಪಿ ಏರಿಸಬಲ್ಲದು, ಸಿಹಿಗಾಗಿ ಹಲವರು ಸೇರಿಸುತ್ತಾರೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಬ್ಬಿಯನ್ನೇ ಒಯ್ದು ಡಾಕ್ಟರಿಗೆ ತೋರಿಸಿ.