ಎಂ.ಎ. ಇಂಗ್ಲಿಷ್ ಕ್ಲಾಸಲ್ಲಿ ಯಾರೂ ಬಾಯಿ ಬಿಡುವುದಿಲ್ಲ!

ಪ್ರಶ್ನೆ: ನಾನು ಒಂದು ಪಿಜಿ ಸೆಂಟರ್‌ನಲ್ಲಿ ಎಂ.ಎ. ಇಂಗ್ಲಿಷ್‌ಗೆ ಅತಿಥಿ ಉಪನ್ಯಾಸಕಿ. ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಮಾಧ್ಯಮದಿಂದ ಬಂದವರು. ಅರಿಸ್ಟಾಟಲ್ ಶುರು ಮಾಡಿದರೆ ತಲೆ ತಗ್ಗಿಸಿ ಕೂರುತ್ತಾರೆ. ಬರೆಯುವುದೆಲ್ಲ ಗೈಡಿನ ಉತ್ತರ. ಕನ್ನಡದಲ್ಲಿ ವಿವರಿಸಿದರೆ, “ಇದು ಎಂ.ಎ. ಇಂಗ್ಲಿಷ್ ಅಲ್ವಾ?” ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಚುಚ್ಚುತ್ತಾರೆ. ಏನು ಮಾಡಲಿ ಸರ್?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಸಹೋದ್ಯೋಗಿಯ ಮಾತು ಮುಗಿಸಿಬಿಡೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟ್ರು. ಅವರೇ ರನ್ನನ ದುರ್ಯೋಧನನನ್ನು ಗ್ರೀಕ್ ದುರಂತ ನಾಟಕದ ಕಣ್ಣಿಂದ ನೋಡಿ ‘ಗದಾಯುದ್ಧ ನಾಟಕಂ’ ಮಾಡಿದರು. ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ‘ಏಜಾಕ್ಸ್’ ಮುಂದಿಟ್ಟುಕೊಂಡು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಅದರಿಂದ ಅವರ ಇಂಗ್ಲಿಷ್ ಏನೂ ಕೆಡಲಿಲ್ಲ.

ನೀವೂ ‘ಹಮಾರ್ಷಿಯಾ’ (ನಾಯಕನನ್ನು ಬೀಳಿಸುವ ತಪ್ಪು) ಅಂತ ಬೋರ್ಡಿನ ಮೇಲೆ ಬರೆಯುವ ಮೊದಲು ದುರ್ಯೋಧನನನ್ನು ಕ್ಲಾಸಿಗೆ ಕರೆತನ್ನಿ. ಬಯಲಾಟ ನೋಡಿ ಬೆಳೆದ ಮಕ್ಕಳು ನಿಮ್ಮಲ್ಲೂ ಇರುತ್ತಾರೆ. ಅವನು ಬಿದ್ದದ್ದು ಕೆಟ್ಟವನೆಂದೋ, ಛಲ ಬಿಡಲಿಲ್ಲವೆಂದೋ ಕೇಳಿ. ಕನ್ನಡದಲ್ಲೇ ಜಗಳವಾಡಲಿ. ಧಾರವಾಡದಲ್ಲಿ ನಾನು ಹೀಗೆ ಕೇಳಿದಾಗ ಹಿಂದಿನ ಬೆಂಚಿನ ಗದಗ ಕಡೆಯ ಹುಡುಗನೊಬ್ಬ, “ಅಂವಾ ಎಲ್ಲಿ ಸೋತಾನ್ರಿ ಸರ್? ತೊಡಿ ಮುರಿದ್ರೂ ಬಾಗಿಲ್ಲ” ಎಂದ. ಆ ಮಾತನ್ನೇ ಅವನಿಂದ ಇಂಗ್ಲಿಷಿನಲ್ಲಿ ಬರೆಸಿದೆ. ವ್ಯಾಕರಣ ತಪ್ಪಿತ್ತು. ಆದರೆ ವಾದ ಯಾವ ಗೈಡಿನದೂ ಆಗಿರಲಿಲ್ಲ. ಆಮೇಲೆ ಅರಿಸ್ಟಾಟಲ್‌ನ ಕಾವ್ಯಮೀಮಾಂಸೆಯ ಪುಸ್ತಕ ‘ಪೊಯೆಟಿಕ್ಸ್’ ತೆಗೆದು, 13ನೇ ಅಧ್ಯಾಯದ ಒಂದೇ ಪ್ಯಾರಾ ಓದಿದೆವು. ದುಷ್ಟತನದಿಂದಲ್ಲ, ಒಂದು ತಪ್ಪಿನಿಂದ ಬೀಳುವ ನಾಯಕನ ಮಾತು ಅಲ್ಲಿದೆ. ಹುಡುಗ ಒಪ್ಪಲಿಲ್ಲ. ಎಂ.ಎ. ಕ್ಲಾಸಿಗೆ ಇನ್ನೇನು ಬೇಕು?

ಆದರೆ ಜಗಳ ಕನ್ನಡದಲ್ಲಿ, ಬರಹ ಇಂಗ್ಲಿಷಿನಲ್ಲಿ. ಇದನ್ನು ಮಾತ್ರ ಸಡಿಲ ಬಿಡಬೇಡಿ. ಇಡೀ ಪಠ್ಯವನ್ನೇ ಕನ್ನಡದಲ್ಲಿ ಹೇಳಿ ಮುಗಿಸಿದರೆ ಕಥೆ ಗೊತ್ತಾಗುತ್ತದೆ, ಪುಸ್ತಕ ತೆರೆಯುವುದಿಲ್ಲ. ಪರೀಕ್ಷೆಯಲ್ಲಿ ಮತ್ತೆ ಗೈಡೇ ಗತಿ. ಐದಾರು ವಾಕ್ಯ ಸಾಕು, ಕ್ಲಾಸಲ್ಲೇ ಬರೆಸಿ. ಮನೆಗೆ ಕೊಟ್ಟರೆ ಈಗ ಮೊಬೈಲೇ ಬರೆದುಕೊಡುತ್ತದೆ.

ತಿದ್ದುವಾಗ ಹಾಳೆಯನ್ನೆಲ್ಲ ಕೆಂಪು ಮಾಡಬೇಡಿ. ಒಂದು ವಾರ ಬರೀ ಕ್ರಿಯಾಪದ ನೋಡಿ. ಮುಂದಿನ ವಾರ ವಾಕ್ಯ ಎಲ್ಲಿ ಮುಗಿಯುತ್ತದೆ ಎನ್ನುವುದು. ಆರ್ಟಿಕಲ್‌ಗಳನ್ನು (a, an, the) ಕೊನೆಗೆ ಇಟ್ಟುಕೊಳ್ಳಿ. ಕನ್ನಡದಲ್ಲಿ ಅವು ಇಲ್ಲವಲ್ಲ, ಬೇಗ ಹತ್ತುವುದಿಲ್ಲ.

ಮೌನದ ವಿಷಯ. ಇಡೀ ಕ್ಲಾಸಿಗೆ ಪ್ರಶ್ನೆ ಎಸೆದರೆ ಕಾನ್ವೆಂಟಿನ ಇಬ್ಬರೇ ಉತ್ತರಿಸುತ್ತಾರೆ. ಮೊದಲು ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಒಂದೊಂದು ಜೋಡಿಯನ್ನೇ ಕೇಳಿ. ಸೆಮಿನಾರಿನಲ್ಲಿ ಹಾಳೆ ನೋಡಿ ಓದುವುದನ್ನು ನಿಲ್ಲಿಸಿ. ತಡವರಿಸಿದರೆ ತಡವರಿಸಲಿ, ನೀವು ಬಾಯಿ ಹಾಕಬೇಡಿ. ಮತ್ತೆ, ನಿಮ್ಮಲ್ಲಿ ಅವಕಾಶವಿದ್ದರೆ, ಈ ವಾರವಾರದ ಬರಹಗಳಿಗೂ ಇಂಟರ್ನಲ್ಸ್‌ನಲ್ಲಿ ಒಂದಿಷ್ಟು ಅಂಕ ಇಡಿ. ಅಂಕ ಇಲ್ಲ ಅಂದರೆ ಎರಡನೇ ವಾರಕ್ಕೇ ಅರ್ಧ ಬೆಂಚು ಖಾಲಿ.